ಕೋಳಿಯನ್ನು ಕೇಳಿಯೇ ಮಸಾಲೆ ಅರೆಯೋಣ

ಈಚೆಗೆ ಕೊಳ್ಳೇಗಾಲದಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಇಂದಿನ ವಿದ್ಯಾರ್ಥಿಗಳ ಮೇಲೆ ಸಿಟ್ಟಾಗಿದ್ದರು. "ಇವರೆಲ್ಲ ಬ್ರಾಯ್ಲರ್ ಕೋಳಿಗಳು. ಕೂತಲ್ಲಿ ತಿಂತಾರೆ, ತೂಕ ಬರ್ತಾರೆ, ಒಂದು ಬಿಸಿಲು ಹೊಡೆದ್ರೆ ಸಾಯ್ತಾರೆ. ನಾವು ನಾಟಿ ಕೋಳಿಗಳು, ತಿಪ್ಪೆ ಕೆದಕಿ ಬೆಳೆದವರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಪದವಿ ಕಾಲೇಜಿನ ಹುಡುಗ ಹುಡುಗಿಯರೂ ತಟ್ಟಿದರು. ಅವರಲ್ಲಿ ನಾಲ್ಕಾರು ಮಂದಿಯಾದರೂ ಹನೂರು ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದವರು. ಮನೆಯಿಂದ ಹೊರಡುವ ಮುಂಚೆ ಕೋಳಿ ಶೆಡ್ಡಿಗೆ ನೀರು ಬಿಟ್ಟು ಬಂದವರೂ ಇದ್ದಿರಬಹುದು.

ಆ ಮಾತಿಗೆ ಅಲ್ಲಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತೇನೆ. ಬ್ರಾಯ್ಲರ್ ಕೋಳಿಯ ಪರವಾಗಿ ಯಾರಾದರೂ ಒಮ್ಮೆ ಜಗಳಕ್ಕೆ ನಿಲ್ಲಬೇಕು. ನಮ್ಮಕ್ಕ, ಭಾವ ಹತ್ತು ವರ್ಷದಿಂದ ಫಾರಂ ನಡೆಸುತ್ತಿರುವವರು. ನಾನು ಮಾಂಸ ತಿನ್ನುವ ಮನೆಯವನು. ಆದ್ದರಿಂದ ಈ ಜಗಳದಲ್ಲಿ ನನಗೂ ಪಾಲಿದೆ.

ಕೊಳ್ಳೇಗಾಲದಿಂದ ಹನೂರಿನ ಕಡೆಗೆ, ಇಲ್ಲವೇ ಯಳಂದೂರಿನ ಕಡೆಗೆ ಹೋಗುವ ದಾರಿಯಲ್ಲಿ ಹೊಲಗಳ ಮಧ್ಯೆ ಉದ್ದುದ್ದ ಶೆಡ್ಡುಗಳು ಕಾಣುತ್ತವೆ. ಮೇಲೆ ಶೀಟು, ಅಕ್ಕಪಕ್ಕ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ತಂತಿ ಜಾಲರಿ, ಜಾಲರಿಗೆ ಇಳಿಬಿಟ್ಟ ಗೋಣಿ ಅಥವಾ ಪ್ಲಾಸ್ಟಿಕ್ ಪರದೆ. ಬಿಸಿಲು ಒಳಗೆ ಬೀಳದಿರಲೆಂದು ಪೂರ್ವ ಪಶ್ಚಿಮಕ್ಕೆ ಉದ್ದ ಹಿಡಿದು ಕಟ್ಟಿರುತ್ತಾರೆ. ನೆಲಕ್ಕೆ ಭತ್ತದ ಹೊಟ್ಟು. ಸುವರ್ಣಾವತಿಯ ನೀರುಂಡ ಯಳಂದೂರಿನ ಗದ್ದೆಗಳಲ್ಲಿ ಭತ್ತ, ಹನೂರಿನ ಬೆದ್ದಲು ಹೊಲಗಳಲ್ಲಿ ಮುಸುಕಿನ ಜೋಳ. ಭತ್ತದ ಹೊಟ್ಟು ಕೋಳಿಯ ಹಾಸಿಗೆ, ಮುಸುಕಿನ ಜೋಳ ಅದರ ಆಹಾರದ ಮುಖ್ಯ ಕಾಳು. ಹೀಗೆ ಮೂರು ತಾಲ್ಲೂಕಿನ ಬೇಸಾಯಕ್ಕೂ ಕೋಳಿಗೂ ನಂಟು ಬೆಳೆದಿದೆ. ನಮ್ಮ ಕತೆ, ಕವಿತೆ, ಪ್ರಬಂಧಗಳಲ್ಲಿ ಮಾತ್ರ ಈ ಶೆಡ್ಡು ಕಾಣುವುದಿಲ್ಲ. ಅಲ್ಲಿ ಇನ್ನೂ ಹಿತ್ತಿಲ ಹುಂಜವೇ ಕೂಗುತ್ತಿದೆ.

ವ್ಯವಹಾರ ಹೇಗೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಜಾಗ, ಶೆಡ್ಡು, ಕರೆಂಟು, ನೀರು, ಹೊಟ್ಟು, ಕೂಲಿ ರೈತನದು. ಒಂದು ದಿನದ ಮರಿ, ಫೀಡು, ಔಷಧಿ ಕಂಪನಿಯದು. ಕೋಳಿ ಕಂಪನಿಯ ಸ್ವತ್ತು, ರೈತ ಸಾಕುವವನು. ಸುಮಾರು 40 ದಿನಕ್ಕೆ 2 ಕಿಲೋ ಆಸುಪಾಸು ಬಂದಾಗ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಕಿಲೋಗೆ ಇಷ್ಟು ಎಂದು ಸಾಕಿದ ಕೂಲಿ. ಸತ್ತ ಕೋಳಿ ಹೆಚ್ಚಾದರೆ, ತಿಂದ ಫೀಡಿಗೆ ತಕ್ಕ ತೂಕ ಬರದಿದ್ದರೆ ಆ ಕೂಲಿ ಇಳಿಯುತ್ತದೆ. ಕೊಯಮತ್ತೂರು ಸೀಮೆಯಲ್ಲಿ ಬೇರೂರಿದ ಈ ಪದ್ಧತಿ ನಮ್ಮ ಕಡೆಗೂ ಹಬ್ಬಿತು. 1956ರವರೆಗೆ ಕೊಳ್ಳೇಗಾಲ ಆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ರಾಜ್ಯ ಬೇರೆಯಾದ ಮೇಲೂ ಬಂಡವಾಳದ ದಾರಿ ಹಾಗೇ ಉಳಿಯಿತು.

ಅಕ್ಕನ ಮನೆಯಲ್ಲಿ ಶುರುವಾದದ್ದು 25 ಅಡಿ ಅಗಲ, 100 ಅಡಿ ಉದ್ದದ ಒಂದು ಶೆಡ್ಡಿನಿಂದ. 2,500 ಚದರಡಿಗೆ 2,500 ಮರಿ. ಒಂದು ಕೋಳಿಗೆ ಒಂದು ಚದರಡಿ, ನಮ್ಮ ಕಡೆಯ ತೆರೆದ ಶೆಡ್ಡುಗಳ ವಾಡಿಕೆಯ ಲೆಕ್ಕ. ಎರಡು ವರ್ಷ ಕಳೆದ ಮೇಲೆ, ಇಷ್ಟು ಕಡಿಮೆ ಮರಿಗೆ ಫೀಡಿನ ಲಾರಿ ಅಷ್ಟು ದೂರ ಬರುವುದು ಕಟ್ಟುಬೀಳುವುದಿಲ್ಲ ಎಂಬ ಮಾತು ಬಂತು. ಭಾವ ಸಾಲ ಮಾಡಿ 200 ಅಡಿಯ ಇನ್ನೊಂದು ಶೆಡ್ಡು ಹಾಕಿದರು. 7,500 ಆಯಿತು. ಒಂದು ಚಳಿಗಾಲ, "ತಂಪು ಕಾಲ, ಇನ್ನೊಂದು ಸಾವಿರ ಹಿಡಿಸುತ್ತದೆ" ಎಂದು 8,500 ಬಿಟ್ಟರು. ಮುಂದಿನ ಬ್ಯಾಚಿಗೂ ಅಷ್ಟೇ ಬಂತು. ಆಗ ಮಾರ್ಚ್ ತಿಂಗಳು.

ಈ ಲೆಕ್ಕದಲ್ಲಿ ಒಂದನ್ನು ಗಮನಿಸಿ. 2,500 ಎಂಬ ಸಂಖ್ಯೆ ನೆಲದ ಅಳತೆಯಿಂದ ಹುಟ್ಟಿತು. 7,500 ಲಾರಿಯ ಬಾಡಿಗೆಯಿಂದ. 8,500 ಮರಿ ಹೆಚ್ಚಿಗೆ ಉಳಿದಿತ್ತು ಎಂಬ ಕಾರಣದಿಂದ. ಹಿಂಡು ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಯನ್ನು ಯಾರೂ ಕೋಳಿಯ ಕಡೆಯಿಂದ ಕೇಳಲಿಲ್ಲ, ಸಾಕುವವಳ ಕಡೆಯಿಂದಲೂ ಕೇಳಲಿಲ್ಲ. "ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂಬುದು ನಮ್ಮ ಗಾದೆ. ಕೇಳುವುದು ಹುಚ್ಚುತನ ಎಂದು ನಗಲಿಕ್ಕಾಗಿ ಆ ಗಾದೆ. ನಾನು ಅದನ್ನು ತಿರುಗಿಸಿ ಹಿಡಿಯುತ್ತಿದ್ದೇನೆ. ಕೋಳಿಯನ್ನು ಕೇಳಬೇಕು. ಕೇಳಲು ಸಾಧ್ಯವೂ ಇದೆ, ಕೇಳಿದವರೂ ಇದ್ದಾರೆ.

ಮೊದಲು ಅದರ ಸ್ವಭಾವ. 1920ರ ದಶಕದ ಶುರುವಿನಲ್ಲಿ ನಾರ್ವೆಯ ಶೆಲ್ಡೆರುಪ್ ಎಬ್ಬೆ ಎಂಬಾತ ತನ್ನ ಮನೆಯ ಕೋಳಿಗಳನ್ನು ನೋಡುತ್ತ ಒಂದು ಸಂಗತಿ ಬರೆದಿಟ್ಟ. ಚಿಕ್ಕ ಹಿಂಡಿನಲ್ಲಿ ಯಾವ ಕೋಳಿ ಯಾವುದನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಸರದಿ ಇರುತ್ತದೆ. ಒಮ್ಮೆ ಜಗಳವಾಡಿ ಗೆದ್ದವರು ಯಾರು, ಸೋತವರು ಯಾರು ಎಂದು ತೀರ್ಮಾನವಾದರೆ ಆಮೇಲೆ ಒಂದು ನೋಟ ಸಾಕು. ಅಂದರೆ ಕೋಳಿ ಕೋಳಿಯನ್ನು ಗುರುತಿಟ್ಟುಕೊಳ್ಳುತ್ತದೆ. ನಮ್ಮಜ್ಜಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದಳು. ಹಿತ್ತಿಲಲ್ಲಿ ಕಾಳು ಚೆಲ್ಲುವ ಯಾವ ಹೆಂಗಸಿಗೂ ಗೊತ್ತಿದ್ದ ವಿಷಯ ಅದು.

ಹಾಗಾದರೆ ಹಿಂಡು ಸಾವಿರಗಟ್ಟಲೆ ಆದರೆ ಏನಾಗಬೇಕು? ಗುರುತೇ ಸಿಗದ ಕಡೆ ಕಾಳಗವೇ ನಡೆಯಬೇಕಲ್ಲ? ಭಾವ ಹೊಸ ಶೆಡ್ಡಿಗೆ ಮರಿ ಬಿಟ್ಟಾಗ ಹಾಗೇ ಹೆದರಿದ್ದರು. ಆಗಿದ್ದು ಬೇರೆ. "ಕಚ್ಚಾಡ್ತವ ಅನ್ಕಂಡಿದ್ದಿ. ಒಂದೂ ಕಚ್ಚಾಡಕಿಲ್ಲ ಕನಪ್ಪ. ಅವುಕ್ಕ ಪಕ್ಕದಲ್ಲಿರದು ಯಾರು ಅಂತ್ಲೇ ಗೊತ್ತಿಲ್ಲ" ಎಂದರು. ವಿಜ್ಞಾನಿಗಳು ಹೇಳುವುದೂ ಇದನ್ನೇ. ಇನ್ಮಾ ಎಸ್ತೆವೆಸ್ ಮತ್ತು ಸಂಗಡಿಗರು 1997ರಲ್ಲಿ ಬ್ರಾಯ್ಲರ್‌ಗಳ ಬಗ್ಗೆ ಬರೆದ ಲೇಖನದಲ್ಲಿ, ಹಿಂಡು ದೊಡ್ಡದಾದಾಗ ಜಗಳ ಏರುವುದಿಲ್ಲ, ಕೋಳಿಗಳು ಒಂದನ್ನೊಂದು ಸಹಿಸಿಕೊಳ್ಳುತ್ತವೆ ಎಂದರು. 2003ರಲ್ಲಿ ಡಿ'ಈತ್ ಮತ್ತು ಕೀಲಿಂಗ್ ಮೊಟ್ಟೆ ಕೋಳಿಗಳನ್ನು 10ರ ಗುಂಪು, 120ರ ಗುಂಪು ಮಾಡಿ ನೋಡಿದರು. ದೊಡ್ಡ ಗುಂಪಿನಲ್ಲಿ ಹೊಸಬರ ಮೇಲೆ ಬೀಳುವ ಹಟ ಕಡಿಮೆಯಾಗಿತ್ತು. ಎಲ್ಲರೊಡನೆ ಹೋರಾಡಿ ಸರದಿ ಕಟ್ಟುವುದಕ್ಕೆ ತಗಲುವ ಖರ್ಚು ಸಿಗುವ ಲಾಭಕ್ಕಿಂತ ಹೆಚ್ಚಾದಾಗ ಕೋಳಿ ಆ ಕೆಲಸವನ್ನೇ ಬಿಟ್ಟುಬಿಡುತ್ತದೆ ಎಂಬುದು ವಿವರಣೆ.

ಇದನ್ನು ಓದಿದ ಹೊಸತರಲ್ಲಿ ನನಗೆ ಸಮಾಧಾನವಾಗಿತ್ತು. ಆಮೇಲೆ ಇದೇ ಮಾತನ್ನು ಲಾಭದವರು ಹೇಗೆ ಬಳಸುತ್ತಾರೆ ಎಂಬುದು ತಿಳಿಯಿತು. "ನೋಡಿ, ಎಷ್ಟು ಸಾವಿರ ಇದ್ದರೂ ಶಾಂತವಾಗಿವೆ" ಎನ್ನುತ್ತಾರೆ. ಶಾಂತವಾಗಿರುವುದು ನಿಜ. ಆದರೆ ಶಾಂತಿ ಬೇರೆ, ಸುಖ ಬೇರೆ. ಜಗಳ ಇಲ್ಲ ಎಂದಮಾತ್ರಕ್ಕೆ ಕಾಲು ನೋವಿಲ್ಲ, ಉಸಿರಿಗೆ ಕಷ್ಟವಿಲ್ಲ ಎಂದಾಗುವುದಿಲ್ಲ. ಇನ್ನೂ ಒಂದು ಮಾತಿದೆ. ಬ್ರಾಯ್ಲರ್‌ನ ವಯಸ್ಸು 40 ದಿನ. ನಾಟಿ ಹುಂಜ ಕೂಗಲು, ಹ್ಯಾಟೆ ಮೊಟ್ಟೆಯಿಡಲು ಬೇಕಾಗುವ ತಿಂಗಳುಗಳನ್ನು ಅದು ನೋಡುವುದೇ ಇಲ್ಲ. ಲಾರಿ ಹತ್ತುವ ದಿನವೂ ಅದರ ಗಂಟಲಿನಿಂದ ಬರುವುದು ಮರಿಯ ಚಿಂವ್ ಚಿಂವ್ ದನಿಯೇ. ಎರಡು ಕಿಲೋ ತೂಗುವ ಹಸುಳೆ ಅದು. ಹಸುಳೆ ಜಗಳವಾಡಲಿಲ್ಲ ಎಂದು ಸಾಕಿದವನಿಗೆ ಬಹುಮಾನ ಕೊಡುವುದು ಯಾವ ನ್ಯಾಯ?

ಇನ್ನು ಬೆಳವಣಿಗೆ. "ಕೂತಲ್ಲೇ ತಿಂದು ಕೊಬ್ಬುತ್ತದೆ, ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ" ಎಂದು ನಮ್ಮ ಓದಿದವರೇ ಹೇಳುತ್ತಾರೆ. ಸುಳ್ಳು. ಸಾವಿರಾರು ಕೋಳಿಗೆ ಒಂದೊಂದಾಗಿ ಇಂಜೆಕ್ಷನ್ ಕೊಡುತ್ತ ಕೂರಲು ಅಕ್ಕನಿಗೆ ಎಷ್ಟು ಕೈಗಳಿವೆ? ನಿಜವಾದ ಕಾರಣ ತಳಿಯ ಆಯ್ಕೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 1978ರ ತಳಿ, 2005ರ ತಳಿ ಮೂರನ್ನೂ ಒಂದೇ ಬಗೆಯ ಆಹಾರ ಕೊಟ್ಟು ಸಾಕಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. 56ನೇ ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಐವತ್ತು ವರ್ಷದೊಳಗೆ ನಾಲ್ಕು ಪಟ್ಟಿಗೂ ಮಿಗಿಲು. ಮಾಂಸ ಆ ವೇಗದಲ್ಲಿ ಬೆಳೆಯಿತು. ಕಾಲು, ಎದೆಗುಂಡಿಗೆ ಅದಕ್ಕೆ ಸರಿಸಾಟಿಯಾಗಿ ಗಟ್ಟಿಯಾಗಲಿಲ್ಲ. ಆದ್ದರಿಂದ ಅದು ದಿನದ ನಾಲ್ಕರಲ್ಲಿ ಮೂರು ಪಾಲು ಮಲಗಿಯೇ ಇರುತ್ತದೆ. ಕಾಲು ಸೋತದ್ದು ಇನ್ನೂ ಹೆಚ್ಚು ಮಲಗುತ್ತದೆ. ವೇದಿಕೆಯ ಹಿರಿಯರು ಸೋಮಾರಿತನ ಎಂದು ಕರೆದದ್ದು ಇದನ್ನು. ಬೇರೆಯವರು ಲಾಭಕ್ಕಾಗಿ ಮಾಡಿಟ್ಟ ದೇಹವನ್ನು ಹೊತ್ತುಕೊಂಡಿರುವ ಜೀವಕ್ಕೆ ನಾವು ನೈತಿಕ ಪಾಠ ಹೇಳುತ್ತಿದ್ದೇವೆ.

ಹಿಂಡಿನ ಗಾತ್ರ ಈ ದೇಹಕ್ಕೆ ಏನು ಮಾಡುತ್ತದೆ? ಇಲ್ಲಿ ಎರಡು ಸಂಗತಿ ಬಿಡಿಸಿಕೊಳ್ಳಬೇಕು. ಒಂದು, ಶೆಡ್ಡಿನಲ್ಲಿ ಒಟ್ಟು ಎಷ್ಟು ಕೋಳಿ ಇವೆ ಎಂಬುದು. ಇನ್ನೊಂದು, ಒಂದೊಂದಕ್ಕೆ ಎಷ್ಟು ಜಾಗ ಎಂಬುದು. ಶೆಡ್ಡು ದೊಡ್ಡದಾಗಿ, ಹಿಂಡೂ ಅದಕ್ಕೆ ತಕ್ಕಂತೆ ದೊಡ್ಡದಾದರೆ ಜಾಗದ ಮಟ್ಟಿಗೆ ಕೋಳಿಗೆ ನಷ್ಟವಿಲ್ಲ. ಓಡಾಡಲು ಉದ್ದ ಇನ್ನಷ್ಟು ಸಿಗಬಹುದು. ಅದೇ ನೆಲಕ್ಕೆ ಇನ್ನೊಂದು ಸಾವಿರ ತುಂಬಿದಾಗ ತೊಂದರೆ. ಮಲಗಿದ್ದನ್ನು ಎದ್ದದ್ದು ತುಳಿದುಕೊಂಡು ಹೋಗುತ್ತದೆ. ಹಿಕ್ಕೆ ಹೆಚ್ಚಾಗಿ ಹೊಟ್ಟು ಒದ್ದೆಯಾಗುತ್ತದೆ, ಅಮೋನಿಯಾ ಏಳುತ್ತದೆ, ಅಂಗಾಲು ಸುಟ್ಟ ಹಾಗೆ ಹುಣ್ಣಾಗುತ್ತದೆ. ಫೀಡಿನ ತಟ್ಟೆ ಮುಟ್ಟಲು ದಾರಿ ಸಿಗದೆ ಒಂದೊಂದರ ತೂಕ ಇಳಿಯುತ್ತದೆ.

ಹಾಗಿದ್ದೂ ಏಕೆ ತುಂಬುತ್ತಾರೆ? ಲೆಕ್ಕಕ್ಕೆಂದು ಹೇಳುತ್ತೇನೆ. 7,500 ಕೋಳಿ ತಲಾ 2 ಕಿಲೋ ಬಂದರೆ 15,000 ಕಿಲೋ. ಅದೇ ಶೆಡ್ಡಿನಲ್ಲಿ 8,500 ಇಟ್ಟು, ಇಕ್ಕಟ್ಟಿಗೆ ಒಂದೊಂದೂ 100 ಗ್ರಾಂ ಕಳೆದುಕೊಂಡರೂ 16,150 ಕಿಲೋ. ಪ್ರತಿ ಕೋಳಿ ಸೋತಿದೆ, ಶೆಡ್ಡು ಗೆದ್ದಿದೆ. ಹೆಚ್ಚಿಗೆ ಬಂದ 1,150 ಕಿಲೋ ಕೋಳಿಯ ಒಡೆಯನದು. ರೈತನಿಗೂ ಆ ಕಿಲೋಗಳ ಕೂಲಿ ಬರುತ್ತದೆ ನಿಜ. ಆದರೆ ಸಾವು ಹೆಚ್ಚಿದ್ದಕ್ಕೆ ಕಡಿತ, ಫೀಡು ಹೆಚ್ಚು ತಿಂದದ್ದಕ್ಕೆ ಕಡಿತ, ಒದ್ದೆ ಹೊಟ್ಟು ತಿರುವುವ ಬೆನ್ನುನೋವು ಎಲ್ಲ ಅವನದು. ಲಾಭ ಒಟ್ಟು ತೂಕದಲ್ಲಿದೆ, ನೋವು ಬಿಡಿ ಬಿಡಿಯಾಗಿದೆ. ಒಟ್ಟು ನೋಡುವವರು ಒಬ್ಬರು, ಬಿಡಿ ಅನುಭವಿಸುವವರು ಇನ್ನೊಬ್ಬರು. ಹಿಂಡಿನ ಗಾತ್ರದ ಬಗ್ಗೆ ಯಾರು ಏನು ಅಂಕಿಸಂಖ್ಯೆ ತಂದು ತೋರಿಸಿದರೂ ಮೊದಲು ಇದನ್ನು ಕೇಳಬೇಕು: ಇದು ಒಟ್ಟಿನ ಲೆಕ್ಕವೋ, ಬಿಡಿಯದೋ?

ಈಗ ಅಕ್ಕನ ಮಾತಿಗೆ ಬರುತ್ತೇನೆ. 2,500 ಇದ್ದಾಗ ಅವಳು ಬೆಳಿಗ್ಗೆ ಸಂಜೆ ಶೆಡ್ಡನ್ನು ಒಂದು ಸುತ್ತು ನಡೆಯುತ್ತಿದ್ದಳು. ರೆಕ್ಕೆ ಇಳಿಬಿಟ್ಟದ್ದು, ಕುಂಟುವುದು, ಮೂಲೆ ಸೇರಿದ್ದು ಕಂಡರೆ ಎತ್ತಿ ಬೇರೆ ಇಡುತ್ತಿದ್ದಳು. ಕೆಲವು ಅಲ್ಲಿ ಚೇತರಿಸಿಕೊಂಡು ಮತ್ತೆ ಹಿಂಡು ಸೇರುತ್ತಿದ್ದವು. "ಬಾಗ್ಲಲ್ಲಿ ನಿಂತ್ರೇ ಯಾವ್ದು ಮಂಕಾಗದ ಅಂತ ಗೊತ್ತಾಗದು ಕನೋ. ಈಗ ಸತ್ ಮ್ಯಾಲೇ ಗೊತ್ತಾಗದು" ಎನ್ನುತ್ತಾಳೆ. ಇದು ಅವಳ ಉದಾಸೀನವಲ್ಲ. ಒಂದು ಕೋಳಿಗೆ ಒಂದು ಸೆಕೆಂಡು ನೋಟ ಎಂದಿಟ್ಟುಕೊಂಡರೂ 2,500ಕ್ಕೆ ಸುಮಾರು 42 ನಿಮಿಷ. 7,500ಕ್ಕೆ ಎರಡು ಗಂಟೆಯ ಮೇಲೆ ಐದು ನಿಮಿಷ. ಕೋಳಿ ಮೂರು ಪಟ್ಟಾದವು, ಅಕ್ಕ ಒಬ್ಬಳೇ ಉಳಿದಳು. ಅಡುಗೆ, ಮಕ್ಕಳು, ಹಸು, ಸಂಘದ ಕಂತು ಅವಳಿಗೇ ಉಳಿದವು. ದೊಡ್ಡ ಹಿಂಡಿನಲ್ಲಿ ಮೊದಲು ಕಳೆದುಹೋಗುವುದು ಸಾಕುವವರ ಕಣ್ಣು. ಅದು ಯಾವ ಸೂಪರ್‌ವೈಸರನ ಚಾರ್ಟಿನಲ್ಲೂ ಒಂದು ಕಾಲಮ್ಮಾಗಿ ಇಲ್ಲ.

8,500ರ ಆ ಮಾರ್ಚ್ ಬ್ಯಾಚಿಗೆ ಏಪ್ರಿಲ್ ಹೊತ್ತಿಗೆ ಐದು ವಾರ ತುಂಬಿತ್ತು. ಕೋಳಿಗೆ ಬೆವರುವುದು ಗೊತ್ತಿಲ್ಲ. ಅದರ ಮೈಶಾಖವೇ 41 ಡಿಗ್ರಿ ಹತ್ತಿರ; ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ತೂಕ ಏರಿದಷ್ಟೂ ಕಷ್ಟ. ಬಿಸಿಲು ಕಾಲದಲ್ಲಿ ಅಕ್ಕ ಮಾಡುವುದಿಷ್ಟು: ನಡುಹಗಲು ಫೀಡು ಎತ್ತಿಬಿಡುವುದು, ಗೋಣಿ ನೆನೆಸಿ ಕಟ್ಟುವುದು, ಮೇಲಿನ ಶೀಟಿಗೆ ನೀರು ಚಿಮ್ಮಿಸುವುದು, ಕುಡಿಯುವ ನೀರಿಗೆ ಬೆಲ್ಲ ಇಲ್ಲವೇ ಪುಡಿ ಬೆರೆಸುವುದು. ಆವತ್ತು ಮಧ್ಯಾಹ್ನ ಕರೆಂಟು ಹೋಯಿತು, ಬೋರಿನ ನೀರು ನಿಂತಿತು. ಭಾವ ಪೇಟೆಗೆ ಹೋಗಿದ್ದರು. ಅಕ್ಕ ಕೊಡದಲ್ಲಿ ನೀರು ಹೊತ್ತಳು. ಹಿಂದಿನ ಶೆಡ್ಡಿಗೆ ಹೊತ್ತು ಮುಂದಿನದಕ್ಕೆ ಬರುವ ಹೊತ್ತಿಗೆ ಕೋಳಿಗಳು ಒಂದರ ಮೇಲೊಂದು ಬಿದ್ದಿದ್ದವು. ಸಂಜೆಗೆ ಎಣಿಸಿದಾಗ ಆರುನೂರಕ್ಕೂ ಹೆಚ್ಚು. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಆ ಬ್ಯಾಚಿನ ಕೂಲಿಯಲ್ಲಿ ಸಾಲದ ಕಂತೂ ಹುಟ್ಟಲಿಲ್ಲ. ಸಾವಿನ ಲೆಕ್ಕದ ಚೀಟಿಯಲ್ಲಿ ಕಾರಣ ಎಂಬ ಜಾಗದಲ್ಲಿ ಬರೆದದ್ದು, "ನಿರ್ವಹಣೆಯ ಲೋಪ". ನಿರ್ವಹಣೆ ಎಂದರೆ ಅಕ್ಕ. 8,500 ಎಂದು ತೀರ್ಮಾನ ಮಾಡಿದವರ ಹೆಸರು ಆ ಚೀಟಿಯಲ್ಲಿ ಇರಲಿಲ್ಲ.

ಹಾಗಾದರೆ ಒಂದು ಅಂಕಿ ಹೇಳಿ ಮುಗಿಸಿಬಿಡಬಹುದಲ್ಲ, ಒಂದು ಶೆಡ್ಡಿಗೆ ಇಷ್ಟೇ ಎಂದು? ನನಗೂ ಹಾಗೆ ಅನ್ನಿಸಿತ್ತು. ಆದರೆ ಅಂಕಿಯೂ ಮೋಸ ಮಾಡುತ್ತದೆ. ಯುರೋಪಿನ 2007ರ ಬ್ರಾಯ್ಲರ್ ನಿಯಮದಲ್ಲಿ ಒಂದು ಚದರ ಮೀಟರಿಗೆ 33 ಕಿಲೋ ಕೋಳಿ ಎಂಬುದು ಮೊದಲ ಮಿತಿ, ಷರತ್ತು ಪೂರೈಸಿದರೆ 39, ಕೊನೆಯದಾಗಿ 42. ನಮ್ಮ ಚದರಡಿಗೊಂದು ಲೆಕ್ಕ ಚದರ ಮೀಟರಿಗೆ ಸುಮಾರು 21.5 ಕಿಲೋ. ಕಾಗದದ ಮೇಲೆ ನಮ್ಮ ಕೋಳಿಯೇ ಸುಖಿ. ಆದರೆ ಅಲ್ಲಿನ ಶೆಡ್ಡಿಗೆ ಯಂತ್ರದ ಗಾಳಿ ಇದೆ, ನಮ್ಮದಕ್ಕೆ ಹನೂರಿನ ಬಿಸಿಲು ಇದೆ. ಬ್ರಿಟನ್ನಿನ ಮರಿಯನ್ ಡಾಕಿನ್ಸ್ ಮತ್ತು ಸಂಗಡಿಗರು ಹತ್ತು ದೊಡ್ಡ ಉತ್ಪಾದಕರ ಶೆಡ್ಡುಗಳಲ್ಲಿ 27 ಲಕ್ಷ ಕೋಳಿಗಳನ್ನು ಬೇರೆ ಬೇರೆ ದಟ್ಟಣೆಯಲ್ಲಿ ಇರಿಸಿ ನೋಡಿ 2004ರಲ್ಲಿ ಹೇಳಿದ್ದು ಇದನ್ನೇ. ತೀರಾ ದಟ್ಟವಾದಾಗ ಬೆಳವಣಿಗೆ ಕುಂದುತ್ತದೆ, ತಳ್ಳಾಟ ಹೆಚ್ಚುತ್ತದೆ, ಚೆನ್ನಾಗಿ ನಡೆಯುವ ಕೋಳಿ ಕಡಿಮೆಯಾಗುತ್ತವೆ. ಆದರೆ ಒಟ್ಟಾರೆ ಸಾವುನೋವನ್ನು ಹೆಚ್ಚಾಗಿ ತೀರ್ಮಾನಿಸುವುದು ಗಾಳಿ, ತೇವ, ಶಾಖ, ಹೊಟ್ಟಿನ ಸ್ಥಿತಿ. ಅಂದರೆ ಸಂಖ್ಯೆಯ ಜೊತೆಗೆ ಅದನ್ನು ಹೊರುವ ಶಕ್ತಿಯನ್ನೂ ಕೇಳಬೇಕು.

ಯುರೋಪಿನ ಆ ನಿಯಮದಲ್ಲಿ ನನಗೆ ಇಷ್ಟವಾದ ಒಂದು ಸಾಲಿದೆ. ಹೆಚ್ಚು ಕೋಳಿ ಇಡಬೇಕಾದರೆ ಅಮೋನಿಯಾ 20 ಪಿಪಿಎಂ ಮೀರಬಾರದು, ಅದನ್ನು ಕೋಳಿಯ ತಲೆಯ ಎತ್ತರದಲ್ಲಿ ಅಳೆಯಬೇಕು ಎನ್ನುತ್ತದೆ. ನಿಂತ ಮನುಷ್ಯನ ಮೂಗಿಗೆ ಬಾರದ ಘಾಟು ಮಲಗಿದ ಕೋಳಿಯ ಮೂಗಿಗೆ ಬರುತ್ತದೆ. ಶೆಡ್ಡಿನ ನಿಜ ತಿಳಿಯಬೇಕಾದರೆ ಕುಕ್ಕರುಗಾಲಲ್ಲಿ ಕೂರಬೇಕು. ಕೋಳಿಯನ್ನು ಕೇಳುವುದು ಎಂದರೆ ಇದೇ. ಕರುಣೆಯೊಂದೇ ಸಾಲದು ಎನ್ನುವುದಕ್ಕೂ ಒಂದು ಕತೆ ಇದೆ. ಇಂಗ್ಲೆಂಡಿನಲ್ಲಿ ರೂತ್ ಹ್ಯಾರಿಸನ್ 1964ರಲ್ಲಿ ಪುಸ್ತಕ ಬರೆದು ಕೋಳಿ ಪಂಜರಗಳ ವಿಷಯ ಬಯಲಿಗೆ ತಂದಾಗ ಬ್ರಾಂಬೆಲ್ ಸಮಿತಿ ರಚನೆಯಾಯಿತು. ತೆಳು ತಂತಿಯ ಷಟ್ಕೋನ ಜಾಲರಿ ಕಾಲಿಗೆ ಹಿಂಸೆ, ಅದು ಬೇಡ ಎಂದು ಸಮಿತಿ 1965ರಲ್ಲಿ ಹೇಳಿತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎರಡು ಬಗೆಯ ನೆಲ ಇಟ್ಟು ಕೋಳಿಗಳಿಗೇ ಆಯ್ಕೆ ಬಿಟ್ಟರು. ಸಮಿತಿ ಬೇಡವೆಂದ ಜಾಲರಿಯನ್ನೇ ಅವು ಮೆಚ್ಚಿದವು. ಮರುಕಪಟ್ಟವರೂ ಕೇಳದೆ ಮಸಾಲೆ ಅರೆದಿದ್ದರು.

ನಮ್ಮ ದೇಶದಲ್ಲಿ 2017ರ ಜುಲೈಯಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿ, ಬ್ರಾಯ್ಲರ್ ಕೋಳಿಗಳ ಸಾಕಣೆ, ಸಾಗಣೆಗೆ ಕರಡು ನಿಯಮ ಬರೆದುಕೊಟ್ಟಿತು. ಅಕ್ಕನ ಶೆಡ್ಡಿನ ಬಾಗಿಲಿಗೆ ಅದರ ಒಂದು ಸಾಲೂ ಬಂದಿಲ್ಲ. ಬಂದಿರುವುದು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕರಾರು ಪತ್ರ, ಭಾವನ ಹೆಬ್ಬೆಟ್ಟಿನಷ್ಟೇ ಅಂದದ ರುಜು.

ನನ್ನ ಮಾತಿಗೆ ಬರುವ ತಕರಾರುಗಳು ಗೊತ್ತಿವೆ. ಮೊದಲನೆಯದು: "ಹಾಗಾದರೆ ನಾಟಿ ಕೋಳಿಗೆ ಮರಳೋಣ." ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಒಂದು ಹುಂಜಕ್ಕಾಗಿ ಹುಡುಕುತ್ತಾಳೆ. ಒಂದು ಹುಂಜ ಇಲ್ಲವೆಂದು ಗೊತ್ತಾಗುವ ಲೋಕ ಅದು. 8,500ರಲ್ಲಿ ಒಂದು ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ. ಆ ಲೋಕದ ನೆನಪು ನನಗೂ ಹಿತ. ಆದರೆ ಸಾಕವ್ವನ ಮನೆಯ ಬಡತನವನ್ನು ಬಿಟ್ಟು ಹುಂಜವನ್ನಷ್ಟೇ ನೆನೆದು ಹಾಡುವುದು ಉಂಡವರ ಹಾಡು. ಕೂಲಿ ಮುಗಿಸಿ ಬಂದವರು ಭಾನುವಾರ ಅರ್ಧ ಕಿಲೋ ತರುವುದು ಬ್ರಾಯ್ಲರನ್ನೇ, ನಾಟಿಯ ಬೆಲೆ ಅವರ ಕೈಗೆ ಎಟುಕುವುದಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯಂಥವು ಹಿತ್ತಿಲಿಗೆ ಬಂದದ್ದು ಒಳ್ಳೆಯದೇ. ಆದರೆ ಅವು ಪೇಟೆಯ ಹಸಿವನ್ನು ತುಂಬುವುದಿಲ್ಲ. ಬ್ರಾಯ್ಲರ್ ಇರುತ್ತದೆ. ಹೇಗೆ ಇರುತ್ತದೆ ಎಂಬುದೇ ಪ್ರಶ್ನೆ.

ಎರಡನೆಯದು: "ಕೊನೆಗೆ ಕೊಯ್ದು ತಿನ್ನುವುದೇ ತಾನೆ, ಮಾಂಸವನ್ನೇ ಬಿಡಬಹುದಲ್ಲ." ಈ ಮಾತನ್ನು ನಮ್ಮ ಸೀಮೆಯಲ್ಲಿ ಹೇಳುವಾಗ ಎಚ್ಚರ ಬೇಕು. ಜನವರಿಯ ಆಸುಪಾಸಿನ ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಒಕ್ಕಲು ಬಿಡಾರ ಹೂಡಿ, ಅಡಿಗೆ ಮಾಡಿ, ಜಾತಿ ನೋಡದೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಪಂಕ್ತಿಸೇವೆ. ಅದು ಬಲಿಯಲ್ಲ, ಹಂಚಿ ಉಣ್ಣುವ ಊಟ ಎಂಬುದು ಅವರ ವಾದ. ಪ್ರಾಣಿಬಲಿ ತಡೆಯುವ 1959ರ ಕಾಯ್ದೆಯನ್ನು ಹಿಡಿದು ಈಚಿನ ವರ್ಷಗಳಲ್ಲಿ ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಕುರಿ ಕೋಳಿ ಹುಡುಕುತ್ತಾರೆ. ಮಂಕರಿಯಲ್ಲಿ ಒಂದು ಹುಂಜ ಒಯ್ಯುವವನನ್ನು ತಡೆದು ಪ್ರಾಣಿದಯೆ ಹೇಳುವ ವ್ಯವಸ್ಥೆ ಅದೇ ದಾರಿಯಲ್ಲಿ ಹೋಗುವ ಕೋಳಿ ಲಾರಿಯ ಪಂಜರಗಳನ್ನು ಎಣಿಸುವುದಿಲ್ಲ. ಜಾತ್ರೆಯ ಹುಂಜಕ್ಕೆ ತಿಂಗಳುಗಟ್ಟಲೆಯ ಬಿಸಿಲು, ಮಣ್ಣು, ಹೆಸರು ಇದ್ದವು. ನನ್ನ ಮಟ್ಟಿಗೆ ದಯೆಯ ಪ್ರಶ್ನೆ ಕೊಯ್ಯುವ ಒಂದು ಗಳಿಗೆಯದಷ್ಟೇ ಅಲ್ಲ, ಅದಕ್ಕೆ ಹಿಂದಿನ 40 ದಿನಗಳದು. ಆ 40 ದಿನವನ್ನು ಕೇಳದವರಿಗೆ ಆ ಒಂದು ಗಳಿಗೆಯ ಬಗ್ಗೆ ಮಾತಾಡುವ ಹಕ್ಕು ಕಡಿಮೆ.

ಮೂರನೆಯದು: "ರೈತನೇ ಹೆಚ್ಚು ಮರಿ ಕೇಳುತ್ತಾನೆ." ಕೇಳುತ್ತಾನೆ, ಸಾಲ ಇದೆ. 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಗೆ ಬೆಲೆ ಬಿದ್ದಾಗ ನಮ್ಮ ರಾಜ್ಯದಲ್ಲೇ ಜೀವಂತ ಕೋಳಿಗಳನ್ನು ಗುಂಡಿಗೆ ಸುರಿದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದೆವು. ಸುರಿದವರೂ ರೈತರೇ. ಫೀಡು ಹಾಕಲು ದುಡ್ಡಿಲ್ಲದವನ ಆಯ್ಕೆಯನ್ನು ಆಯ್ಕೆ ಎಂದು ಕರೆಯಬೇಡಿ.

ನಾನು ಕೇಳುವುದು ದೊಡ್ಡದೇನಲ್ಲ. ಕರಾರು ಕನ್ನಡದಲ್ಲಿರಲಿ. ಈ ಶೆಡ್ಡಿಗೆ ಬೇಸಿಗೆಯಲ್ಲಿ ಇಷ್ಟು, ಚಳಿಗಾಲದಲ್ಲಿ ಇಷ್ಟು ಎಂದು ಅದರಲ್ಲಿ ಬರೆದಿರಲಿ. ಅದಕ್ಕಿಂತ ಹೆಚ್ಚು ಮರಿ ಇಳಿಸಲು ಬಂದರೆ ಬೇಡ ಎನ್ನುವ ಹಕ್ಕು ರೈತನಿಗಿರಲಿ, ಬೇಡ ಎಂದವನಿಗೆ ಮುಂದಿನ ಬ್ಯಾಚು ತಪ್ಪದಿರಲಿ. ಒಬ್ಬ ಆಳಿಗೆ ಎಷ್ಟು ಕೋಳಿ ಎಂಬುದಕ್ಕೆ ಲೆಕ್ಕವಿರಲಿ, ಆ ಆಳಿನ ಕೂಲಿ ಶೆಡ್ಡಿನ ಖರ್ಚಿನಲ್ಲಿ ಕಾಣಲಿ. ಶಾಖದಿಂದ ಆದ ಸಾವಿನ ನಷ್ಟದಲ್ಲಿ ಸಂಖ್ಯೆ ತೀರ್ಮಾನಿಸಿದವರೂ ಪಾಲು ಹೊರಲಿ. ಪಾಲು ಹೊರಬೇಕಾದ ದಿನ ಆ ಹೆಚ್ಚಿನ ಸಾವಿರ ಮರಿ ತಾನಾಗಿಯೇ ಕಡಿಮೆಯಾಗುತ್ತದೆ. ಇದರಿಂದ ಕೋಳಿಯ ಬೆಲೆ ಕಿಲೋಗೆ ಒಂದಿಷ್ಟು ಏರಬಹುದು. ಏರಲಿ. ಈಗ ಆ ಹಣವನ್ನು ಅಕ್ಕ ತನ್ನ ಸೊಂಟದಿಂದ ಕೊಡುತ್ತಿದ್ದಾಳೆ, ಕೋಳಿ ತನ್ನ ಅಂಗಾಲಿನಿಂದ.

ಬರೆಯುವ ಗೆಳೆಯರಿಗೆ, ಓದುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಯಾರನ್ನಾದರೂ ಬ್ರಾಯ್ಲರ್ ಕೋಳಿ ಎಂದು ಬೈಯುವ ಮುಂಚೆ ಒಂದು ಶೆಡ್ಡಿನೊಳಗೆ ಹೋಗಿ ಬನ್ನಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಕ್ಕ ಹೇಳಿದ ಕಡೆ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ಉಸಿರಾಡಿ. ಅಂಥ ಗಾಳಿಯಲ್ಲಿ, ಅಂಥ ಇಕ್ಕಟ್ಟಿನಲ್ಲಿ, ಬೇರೆಯವರು ಗೊತ್ತುಮಾಡಿದ ತೂಕಕ್ಕೆ ಬೆಳೆಯಬೇಕಾದ ಹುಡುಗರನ್ನು ನಾವೂ ಒಂದೊಂದು ಬೆಂಚಿಗೆ ಐವರಂತೆ ಕೂರಿಸಿದ್ದೇವೆ. ಹೋಲಿಕೆ ಹಿರಿಯರು ಹೇಳಿದ್ದೇ ಇರಬಹುದು. ಅದರಲ್ಲಿ ತಪ್ಪು ಯಾರದು ಎಂಬುದಷ್ಟೇ ನಮ್ಮ ಜಗಳ.

ಈ ಬೇಸಿಗೆಗೆ ಭಾವ 6,000 ಮರಿ ಸಾಕು ಎಂದು ಹೇಳಿ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಅಕ್ಕ ಎರಡೂ ಶೆಡ್ಡಿಗೆ ಹೊಸ ಹೊಟ್ಟು ಹರಡಿ, ಸುಣ್ಣ ಬಳಿದು, ಕಾಯುತ್ತಿದ್ದಾಳೆ.